ಅದಕ್ಕೂ ಉಸಿರಾಡಲು ಬಿಡಿ

ನಮ್ಮಂಥವರ ಮನೆಗಳಲ್ಲಿ ಮುಸುಕು ಹೊದೆಯದ ವಸ್ತುವೆಂದರೆ ಬಹುಶಃ ಪೊರಕೆ ಒಂದೇ. ಫ್ರಿಜ್ಜಿಗೊಂದು ಹೊದಿಕೆ, ಅದರ ಹಿಡಿಗೊಂದು ಚೀಲ, ಮಿಕ್ಸಿಗೊಂದು ಅಂಗಿ, ವಾಷಿಂಗ್ ಮೆಷಿನ್ನಿಗೊಂದು ಜಿಪ್ಪಿನ ಕೋಟು. ಟಿ.ವಿ. ದಪ್ಪಗಿದ್ದ ಕಾಲದಲ್ಲಿ ಅದರ ತಲೆಯ ಮೇಲೊಂದು ಕ್ರೋಷಾ ವಸ್ತ್ರ, ಆ ವಸ್ತ್ರದ ಮೇಲೊಂದು ಪ್ಲಾಸ್ಟಿಕ್ ಹೂವಿನ ಕುಂಡ. ಟಿ.ವಿ. ತೆಳ್ಳಗಾಗಿ ಗೋಡೆ ಹತ್ತಿದ ಮೇಲೆ ವಸ್ತ್ರ ಹಾಸಲು ಜಾಗವಿಲ್ಲದೆ ನಾವು ಕಂಗಾಲಾದೆವು. ಆ ವಸ್ತ್ರಗಳೆಲ್ಲ ಈಗ ಸೆಟ್-ಟಾಪ್ ಬಾಕ್ಸಿನ ಮೇಲೆ, ಹಾಡಿನ ಸೆಟ್ಟಿನ ಮೇಲೆ ಬಂದು ಕುಳಿತಿವೆ. ನಾನೂ ಇದೇ ಗೋತ್ರದವಳು. ಆದ್ದರಿಂದ ಇಲ್ಲಿ ಆಡುವ ಜಗಳ ಮೊದಲು ನನ್ನೊಂದಿಗೆ, ಆಮೇಲೆ ನಿಮ್ಮೊಂದಿಗೆ, ಕೊನೆಗೆ ನಮ್ಮ ಗಂಡಸರೊಂದಿಗೆ.

2019ರಲ್ಲಿ ಶಾಲೆಯ ಕೆಲಸದಿಂದ ನಿವೃತ್ತಳಾದಾಗ ಕೈಗೆ ಬಂದ ಹಣದಲ್ಲಿ ನನಗೆಂದೇ ನಾನು ಕೊಂಡದ್ದು ಒಂದೇ ವಸ್ತು: ಒಂದು ಒಳ್ಳೆಯ ಆಂಪ್ಲಿಫೈಯರ್, ಅದಕ್ಕೆ ಎರಡು ಸ್ಪೀಕರು. ಮನೆಯಲ್ಲಿದ್ದ ಹಳೆಯ ಕ್ಯಾಸೆಟ್ ಡೆಕ್ಕನ್ನು ಅದಕ್ಕೆ ಜೋಡಿಸಿಕೊಂಡೆ. ಮೂವತ್ತು ವರ್ಷ ಮಕ್ಕಳ ಗಲಾಟೆ ಕೇಳಿದ ಕಿವಿಗೆ ಸಂಜೆ ಎರಡು ಗಂಟೆ ಮನ್ಸೂರರನ್ನೋ ಗಂಗೂಬಾಯಿಯವರನ್ನೋ ಕೇಳಿಸುವುದು ನನ್ನ ಆಸೆಯಾಗಿತ್ತು. ಮಂಚ ಹಿಡಿದಿದ್ದ ನಮ್ಮತ್ತೆಗೂ ಅದೇ ಕಾಲಕ್ಷೇಪವಾಯಿತು.

ಎರಡು ವರ್ಷ ಸೆಟ್ಟು ಗೋಡೆಯ ಪಕ್ಕದ ಸ್ಟೂಲಿನ ಮೇಲೆ ನೆಮ್ಮದಿಯಾಗಿತ್ತು. 2021ರಲ್ಲಿ ಮನೆಗೆ ಬಣ್ಣ ಬಳಿಸಿದಾಗ ನಡುಮನೆಗೊಂದು ದೊಡ್ಡ ಷೋಕೇಸು ಬಂತು. ಅದರ ನಕ್ಷೆ ಹಾಕಿದವರು ನಮ್ಮನೆಯವರು ಮತ್ತು ಒಬ್ಬ ಇಂಟೀರಿಯರ್ ಹುಡುಗ. ಟೇಪು ಹಿಡಿದು ಸೆಟ್ಟಿನ ಉದ್ದಗಲ ಅಳೆದು, ಅಷ್ಟೇ ಅಳತೆಗೆ ಗೂಡು ಮಾಡಿಸಿದರು. ಹಿಂದೆ ಪ್ಲೈವುಡ್ಡು, ಮುಂದೆ ಗಾಜಿನ ಬಾಗಿಲು. ಸೆಟ್ಟನ್ನು ಒಳಗೆ ತಳ್ಳಿದಾಗ ಬೆಂಕಿಪೆಟ್ಟಿಗೆಯ ಡ್ರಾಯರಿನಂತೆ ಸರಕ್ಕನೆ ಹೋಗಿ ಕುಳಿತಿತು. "ನೋಡು, ಎಷ್ಟು ಫಿಟ್ಟಾಗಿ ಕೂತಿದೆ!" ಎಂದು ಇಬ್ಬರೂ ಬೀಗಿದರು. ಆಂಪ್ಲಿಫೈಯರಿನ ಮೇಲೆ ಡೆಕ್ಕು, ಡೆಕ್ಕಿನ ಮೇಲೆ ಸೆಟ್-ಟಾಪ್ ಬಾಕ್ಸು. ಎಲ್ಲಕ್ಕೂ ಮೇಲೆ ನನ್ನ ಪಾಲಿನ ಕಾಣಿಕೆಯಾಗಿ ಒಂದು ಕ್ರೋಷಾ ವಸ್ತ್ರ. ಉಳಿದ ಸಂದಿಯಲ್ಲಿ ನನ್ನ ಕ್ಯಾಸೆಟ್ಟುಗಳು.

ಬಳ್ಳಾರಿಯ ಬೇಸಿಗೆ ನಿಮಗೆ ಗೊತ್ತಲ್ಲ. ಇಲ್ಲಿರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ನಾವೇ ತಮಾಷೆ ಮಾಡಿಕೊಳ್ಳುತ್ತೇವೆ. 2022ರ ಮೇ ತಿಂಗಳಲ್ಲಿ ಸೆಟ್ಟು ಹಾಡಿನ ನಡುವೆ ತಾನೇ ಆರಿಹೋಗತೊಡಗಿತು. ಅರ್ಧ ಗಂಟೆ ಬಿಟ್ಟರೆ ಮತ್ತೆ ಹಾಡುತ್ತಿತ್ತು. ಅದು ಪಾಪ, "ನನಗೆ ತಡೆಯುತ್ತಿಲ್ಲ" ಎಂದು ತನಗೆ ತಿಳಿದ ಭಾಷೆಯಲ್ಲಿ ಹೇಳುತ್ತಿತ್ತು. ನಾವು ಕರೆಂಟಿನವರನ್ನು ಬೈದೆವು, ಸ್ಟೆಬಿಲೈಸರ್ ತಂದೆವು. ಮರುವರ್ಷದ ಬೇಸಿಗೆಯಲ್ಲಿ ಅದು ಪೂರ್ತಿ ಬಾಯಿ ಮುಚ್ಚಿತು.

ಮೆಕ್ಯಾನಿಕ್ ಬಂದು ಮೇಲಿನ ತಗಡು ಬಿಚ್ಚಿ, ಉಬ್ಬಿಕೊಂಡಿದ್ದ ಎರಡು ಕಂಡೆನ್ಸರುಗಳನ್ನು ಬೆರಳಿನಿಂದ ತೋರಿಸಿದ. "ಅಮ್ಮಾ, ಇದು ಕೆಟ್ಟಿಲ್ರಿ, ಬೆಂದೈತೆ" ಎಂದ.

ಬೆಂದದ್ದು ಅದೊಂದೇ ಅಲ್ಲ. ಪಕ್ಕದಲ್ಲಿ ಒತ್ತಿ ಇಟ್ಟಿದ್ದ ಕ್ಯಾಸೆಟ್ಟುಗಳಲ್ಲಿ ಒಂದು, 1993ರಲ್ಲಿ ನನ್ನ ತಂಗಿಯ ಮದುವೆಯಲ್ಲಿ ಅವ್ವ ಹಾಡಿದ ಸೋಬಾನೆ ಪದಗಳದು. ಅವ್ವ ಈಗಿಲ್ಲ. ಅವಳ ದನಿ ಇದ್ದದ್ದು ಅದೊಂದರಲ್ಲೇ. ಅದರ ಪ್ಲಾಸ್ಟಿಕ್ ಮೈ ಬಿಸಿಗೆ ಸೊಟ್ಟಗಾಗಿ ಚಕ್ರ ತಿರುಗದಂತಾಗಿತ್ತು.

ಮನೆಯಲ್ಲಿ ಪಂಚಾಯಿತಿ ಕೂಡಿತು. ತೀರ್ಪು ಬರಲು ಐದು ನಿಮಿಷವೂ ಹಿಡಿಯಲಿಲ್ಲ. "ನಿನ್ನ ಕ್ರೋಷಾ ಬಟ್ಟೆಯ ಪ್ರತಾಪ ನೋಡು. ಮೆಷಿನ್ನಿನ ವಿಷಯ ಹೆಂಗಸರಿಗೆ ಎಲ್ಲಿ ತಿಳಿಯಬೇಕು?" ಎಂದರು ನಮ್ಮನೆಯವರು. ಅಳಿಯ ತಲೆಯಾಡಿಸಿದ. ನಾನು ತಪ್ಪಿತಸ್ಥಳಂತೆ ವಸ್ತ್ರವನ್ನು ಮಡಚಿ ಒಳಗಿಟ್ಟೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಬಟ್ಟೆಗೆ ನೂರು ತೂತುಗಳಾದರೂ ಇದ್ದವು. ಅವರ ಪ್ಲೈವುಡ್ಡಿಗೆ ಎಷ್ಟಿದ್ದವು?

ಎದ್ದುಹೋಗಿ, ಗ್ಯಾರಂಟಿ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಮಲಗಿದ್ದ ಪುಸ್ತಕವನ್ನು ತೆಗೆದೆ. ನಾಲ್ಕು ವರ್ಷಗಳಲ್ಲಿ ಆ ಚೀಲದ ಅಂಟನ್ನೂ ಯಾರೂ ಬಿಚ್ಚಿರಲಿಲ್ಲ. ಮೊದಲ ಪುಟಗಳಲ್ಲೇ ಬರೆದಿತ್ತು: ಮುಚ್ಚಿದ ಕಪಾಟಿನಲ್ಲಿ ಇಡಬೇಡಿ, ಸುತ್ತ ಮತ್ತು ಮೇಲೆ ಜಾಗ ಬಿಡಿ, ಗಾಳಿಕಂಡಿಗಳನ್ನು ಪತ್ರಿಕೆ, ಟೇಬಲ್ ಕ್ಲಾತು, ಪರದೆಗಳಿಂದ ಮುಚ್ಚಬೇಡಿ. ಟೇಬಲ್ ಕ್ಲಾತಿನ ತಪ್ಪು ನನ್ನದೇ, ಒಪ್ಪಿದೆ. ಆದರೆ ಮುಚ್ಚಿದ ಕಪಾಟಿನ ತಪ್ಪು? ಅದರ ಬಗ್ಗೆ ಪಂಚಾಯಿತಿ ಚಕಾರವೆತ್ತಿರಲಿಲ್ಲ.

ಅಂದಿನಿಂದ ಈ ವಿಷಯವನ್ನು ಓದಿ, ಮೆಕ್ಯಾನಿಕ್‌ನನ್ನು ಕಾಡಿ ತಿಳಿದುಕೊಂಡಿದ್ದೇನೆ. ತಿಳಿಯಲು ಕಷ್ಟವಾದದ್ದೇನೂ ಇಲ್ಲ. ನಮ್ಮದರಂಥ ಸಾಮಾನ್ಯ ಆಂಪ್ಲಿಫೈಯರಿನಲ್ಲಿ ಒಳಗೆ ಹೋದ ಕರೆಂಟೆಲ್ಲ ಹಾಡಾಗುವುದಿಲ್ಲ. ಪುಸ್ತಕದ ಲೆಕ್ಕದಲ್ಲೇ ಹೆಚ್ಚೆಂದರೆ ನೂರಕ್ಕೆ ಸುಮಾರು 78 ಭಾಗ. ಮನೆಯಲ್ಲಿ ಮೆಲ್ಲಗೆ ಕೇಳುವಾಗ ಅದೂ ಇಲ್ಲ. ಸ್ಪೀಕರಿಗೆ ಒಂದೆರಡು ವಾಟ್ ಹೋದರೆ ಹೆಚ್ಚು. ಸೆಟ್ಟು ಎಳೆಯುವುದು ಮಾತ್ರ 40-50 ವಾಟ್ ಇದ್ದೀತು. ಉಳಿದದ್ದೆಲ್ಲ ಬರೀ ಬಿಸಿ. ಹಾಡು ನಿಲ್ಲಿಸಿ ಸೆಟ್ಟನ್ನು ಆರಿಸದೆ ಬಿಟ್ಟರೂ ಆ ಬಿಸಿ ನಿಲ್ಲುವುದಿಲ್ಲ. ಹಳೆಯ ಕಾಲದ 60 ವಾಟಿನ ಬಲ್ಬೊಂದನ್ನು ಷೋಕೇಸಿನಲ್ಲಿ ಹೊತ್ತಿಸಿ, ಗಾಜಿನ ಬಾಗಿಲು ಹಾಕಿ, ಸಂಜೆಯಿಡೀ ಬಿಟ್ಟರೆ ಒಳಗೆ ಏನಾದೀತು? ನಾವು ಮಾಡಿದ್ದು ಹೆಚ್ಚುಕಡಿಮೆ ಅದನ್ನೇ.

ಕಂಡೆನ್ಸರುಗಳ ಆಯುಸ್ಸಿಗೆ ಒಂದು ಸ್ಥೂಲ ಲೆಕ್ಕವಿದೆ. ಅದರ ಬಿಸಿ 10 ಡಿಗ್ರಿ ಏರಿದರೆ ಆಯುಸ್ಸು ಸುಮಾರು ಅರ್ಧವಾಗುತ್ತದೆ. ಇನ್ನೊಂದು 10 ಏರಿದರೆ ಕಾಲು ಭಾಗ. ನಮ್ಮ ಸೆಟ್ಟಿನ ಪುಸ್ತಕದಲ್ಲಿ ಅದು ಕೆಲಸ ಮಾಡುವ ಉಷ್ಣತೆ 5ರಿಂದ 35 ಡಿಗ್ರಿ ಎಂದಿದೆ. ನಮ್ಮೂರಿನಲ್ಲಿ ಬಾಗಿಲ ಹೊರಗೇ 40 ದಾಟುತ್ತದೆ. ಅಂಥ ಊರಿನಲ್ಲಿ ಸೆಟ್ಟಿಗೆ ಗಾಜಿನ ಪೆಟ್ಟಿಗೆ ಮಾಡಿಸುವುದೆಂದರೆ, ಬಾಣಂತಿ ಕೋಣೆಯಲ್ಲಿ ಕುಪ್ಪಟೆಯ ಮೇಲೆ ಕುಪ್ಪಟೆ ಇಟ್ಟು ಕಿಟಕಿಗೆ ಬಟ್ಟೆ ತುರುಕಿದಂತೆ.

ಗೆಳತಿಯರೇ, ನನ್ನ ಸಿಟ್ಟು ಇರುವುದು ಇಲ್ಲಿ. ಇದು ಎಲೆಕ್ಟ್ರಾನಿಕ್ಸ್ ಅಲ್ಲ, ಅಡುಗೆಮನೆಯ ವಿದ್ಯೆ. ಬಿಸಿಗಾಳಿ ಮೇಲಕ್ಕೇ ಹೋಗುತ್ತದೆ ಎಂಬುದನ್ನು ನಮಗೆ ಯಾರು ಹೇಳಿಕೊಡಬೇಕು? ನಮ್ಮ ಅಜ್ಜಿಯರ ಮಾಳಿಗೆ ಮನೆಗಳಲ್ಲಿ ಒಲೆಯ ನೆತ್ತಿಗೆ ಬೆಳಕಿಂಡಿ ಇಟ್ಟದ್ದು ಏಕೆ? ಕೆಳಗೆ ಊದುಗೊಳವೆಯ ಗಾಳಿ, ಮೇಲೆ ಕಿಂಡಿ. ಕೆಳಗಿನಿಂದ ತಣ್ಣನೆಯದು ಬರಬೇಕು, ಮೇಲಿನಿಂದ ಬಿಸಿಯದು ಹೋಗಬೇಕು. ಆಂಪ್ಲಿಫೈಯರಿನ ತಳದಲ್ಲೂ ನೆತ್ತಿಯಲ್ಲೂ ಕಂಡಿ ಕೊರೆದಿರುವುದು ಇದೇ ಲೆಕ್ಕದ ಮೇಲೆ. ಅದರ ನಾಲ್ಕು ರಬ್ಬರು ಕಾಲುಗಳು ಅಂದಕ್ಕೆ ಇಟ್ಟದ್ದಲ್ಲ, ಅಡಿಯಲ್ಲಿ ಗಾಳಿ ನುಗ್ಗಲಿ ಎಂದು ಇಟ್ಟದ್ದು. ಇಡ್ಲಿ ಪಾತ್ರೆಯ ಮುಚ್ಚಳ ಎಷ್ಟು ಹೊತ್ತು ಮುಚ್ಚಿದರೆ ಏನಾಗುತ್ತದೆ ಎಂದು ಕಣ್ಣು ಮುಚ್ಚಿ ಹೇಳುವ ನಾವು, "ಮೆಷಿನ್ನು ನಮಗೆ ತಿಳಿಯದು" ಎಂಬ ಮಾತಿಗೆ ತಲೆಬಾಗಿ, ಅದನ್ನು ಎಲ್ಲಿಡಬೇಕೆಂಬುದನ್ನು ಬಡಿಗನ ಅಳತೆ ಟೇಪಿಗೆ ಬಿಟ್ಟುಕೊಟ್ಟಿದ್ದೇವೆ. ಮನೆಯಲ್ಲಿ ಯಾವ ವಸ್ತು ಎಲ್ಲಿರಬೇಕೆಂದು ನೋಡುವವಳು ನೀನೇ ಎನ್ನುತ್ತಾರೆ. ಆದರೆ ಆ ಮಾತು ಪ್ಲಗ್ಗು ಇರುವ ವಸ್ತುವಿನ ಹತ್ತಿರ ಬಂದಾಗ ನಿಂತುಬಿಡುತ್ತದೆ. ಅದು ಕೆಟ್ಟಾಗ ಮಾತ್ರ ಮತ್ತೆ ಜೀವ ಪಡೆಯುತ್ತದೆ.

"ಧೂಳು?" ಎನ್ನುತ್ತೀರಿ. ಬಳ್ಳಾರಿಯ ಕೆಂಧೂಳಿನ ನಡುವೆ ಬಾಳುವವಳಿಗೆ ಧೂಳಿನ ಕಥೆ ಹೇಳಬೇಡಿ. ಧೂಳು ಕಂಡಿಗಳಲ್ಲಿ ಕೂತರೆ ಅದೂ ಒಂದು ಕಂಬಳಿಯೇ, ನಿಜ. ಆದರೆ ಅದಕ್ಕೆ ಮದ್ದಿದೆ. ಹದಿನೈದು ದಿನಕ್ಕೊಮ್ಮೆ ಪ್ಲಗ್ಗು ಕಿತ್ತು, ಒಣಗಿದ ಮೆತ್ತನೆಯ ಬ್ರಷ್ಷಿನಿಂದ ಕಂಡಿಗಳನ್ನು ಸವರಿದರೆ ಸಾಕು. ಹೊದಿಕೆ ಬೇಕೇ ಬೇಕೆಂದರೆ ಸೆಟ್ಟು ಆರಿಸಿ ಮೈ ತಣ್ಣಗಾದ ಮೇಲೆ ಹೊದಿಸಿ, ಹಾಕುವ ಮೊದಲು ತೆಗೆಯಿರಿ. ನಮ್ಮ ಮಾವನವರು ವಾಲ್ವ್ ರೇಡಿಯೋಕ್ಕೆ ಹಾಗೇ ಮಾಡುತ್ತಿದ್ದರು. ಹೊದಿಕೆ ತೆಗೆದು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟ ಮೇಲೆಯೇ ಗುಂಡಿ ತಿರುಗಿಸುವುದು. ಆ ರೇಡಿಯೋದ ಬೆನ್ನಿಗೆ ತೂತುತೂತಿನ ಹಲಗೆ ಇರುತ್ತಿತ್ತು, ನೆನಪಿದೆಯೆ?

"ಫ್ಯಾನು ತಿರುಗುತ್ತದಲ್ಲ?" ಎನ್ನುತ್ತಾರೆ. ಗಾಜಿನ ಆಚೆ ತಿರುಗುವ ಫ್ಯಾನು, ಪಕ್ಕದ ಮನೆಯ ಊಟದಂತೆ. "ಅಂದಗೆಡುತ್ತದೆ" ಎನ್ನುತ್ತಾರೆ. ಬಾಯಿ ಮುಚ್ಚಿ ಕೂತ ಸೆಟ್ಟಿನ ಅಂದವನ್ನು ನಾನು ನೋಡಿದ್ದೇನೆ, ಸಾಕು. "ಹೊಸ ಸೆಟ್ಟುಗಳು ಬಿಸಿಯಾಗುವುದೇ ಇಲ್ಲ" ಎನ್ನುವವರೂ ಇದ್ದಾರೆ. ಅರ್ಧ ಸತ್ಯ. ಈಗಿನ ಡಿ ವರ್ಗದ ಆಂಪ್ಲಿಫೈಯರುಗಳು ಜೋರಾಗಿ ಹಾಡುವಾಗ ಕರೆಂಟಿನ ನೂರಕ್ಕೆ 90ರ ಹತ್ತಿರ ಸ್ಪೀಕರಿಗೆ ಕೊಡುತ್ತವೆ, ಆದ್ದರಿಂದ ಮೈ ಕಡಿಮೆ ಕಾಯುತ್ತದೆ. ಆದರೂ ಅವು ಬಿಸಿಯೇ ಇಲ್ಲದ ದೇವತೆಗಳಲ್ಲ. ಹಗಲೂ ರಾತ್ರಿ ಉರಿಯುವ ಸೆಟ್-ಟಾಪ್ ಬಾಕ್ಸನ್ನೂ ವೈಫೈ ಡಬ್ಬಿಯನ್ನೂ ಅದೇ ಗೂಡಿಗೆ ತುಂಬಿದರೆ ಫಲ ಒಂದೇ.

ಹಾಗಾದರೆ ಏನು ಮಾಡಬೇಕು? ಖರ್ಚಿಲ್ಲದ ಕೆಲಸಗಳೇ ಹೆಚ್ಚು. ಸೆಟ್ಟಿನ ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಕೈಬೆರಳೆಲ್ಲ ಅಡ್ಡ ಹೋಗುವಷ್ಟು, ಎಂದರೆ ಸುಮಾರು 10 ಸೆಂಟಿಮೀಟರ್ ಜಾಗ ಬಿಡಿ. ನೆತ್ತಿಗೆ ಇನ್ನೂ ಹೆಚ್ಚು. ನಿಮ್ಮ ಸೆಟ್ಟಿನ ಪುಸ್ತಕ ಇದಕ್ಕಿಂತ ಹೆಚ್ಚು ಹೇಳಿದ್ದರೆ ಪುಸ್ತಕದ ಮಾತೇ ನಡೆಯಲಿ. ಒಂದರ ಮೇಲೊಂದು ಪೇರಿಸಬೇಡಿ. ಪೇರಿಸದೆ ಗತಿಯಿಲ್ಲವೆಂದರೆ ಹೆಚ್ಚು ಬಿಸಿಯಾಗುವುದು ಎಲ್ಲಕ್ಕೂ ಮೇಲಿರಲಿ. ಅದರ ಮೇಲೆ ಬಟ್ಟೆ, ಹೂಕುಂಡ, ಗಣಪತಿ ಯಾವುದೂ ಬೇಡ. ಜಮಖಾನೆಯ ಮೇಲೆ, ದಿಂಬಿನ ಮೇಲೆ ಇಡಬೇಡಿ. ಬಿಸಿಲು ಬೀಳುವ ಕಿಟಕಿಯ ಪಕ್ಕ ಬೇಡ. ಕಪಾಟಿನ ಬೆನ್ನಿನ ಹಲಗೆಯಲ್ಲಿ ಕೆಳಗೂ ಮೇಲೂ ದೊಡ್ಡ ಕಿಂಡಿ ಕೊರೆಸಿ. ಅಷ್ಟಕ್ಕೂ ಬಿಸಿ ತಗ್ಗದಿದ್ದರೆ ಕಂಪ್ಯೂಟರಿನೊಳಗೆ ಇರುವಂಥ ಪುಟ್ಟ ಫ್ಯಾನನ್ನು ಗಾಳಿ ಹೊರಕ್ಕೆ ಹೋಗುವಂತೆ ಮೇಲಿನ ಕಿಂಡಿಗೆ ಹಾಕಿಸಿ. ಕ್ಯಾಸೆಟ್ಟುಗಳು ಬೇರೆ ಕಡೆ ಇರಲಿ, ದಯವಿಟ್ಟು.

ನಮ್ಮ ಸೆಟ್ಟು ಹೊಸ ಕಂಡೆನ್ಸರುಗಳೊಂದಿಗೆ ಮನೆಗೆ ಬಂದ ದಿನ ಗಾಜಿನ ಬಾಗಿಲನ್ನು ನಾನೇ ಬಿಚ್ಚಿದೆ. ಬಡಿಗ ಬೇಕಾಗಲಿಲ್ಲ, ಒಂದು ಸ್ಕ್ರೂ ಡ್ರೈವರ್ ಸಾಕಾಯಿತು. ಡೆಕ್ಕು ಕೆಳಗಿನ ಗೂಡಿಗೆ ಇಳಿಯಿತು, ಹಿಂದಿನ ಹಲಗೆಗೆ ಕಿಂಡಿ ಬಂತು. "ಷೋಕೇಸು ಬೋಳಾತಲ್ಲೇ" ಎಂದು ಅತ್ತೆ ಮಂಚದಿಂದಲೇ ಗೊಣಗಿದರು. ಮೆಕ್ಯಾನಿಕ್ ಅವ್ವನ ಕ್ಯಾಸೆಟ್ಟಿನ ರೀಲನ್ನು ಬೇರೊಂದು ಕ್ಯಾಸೆಟ್ಟಿನ ಮೈಗೆ ಸೇರಿಸಿಕೊಟ್ಟಿದ್ದ. ಒಂದು ಪದದ ನಡುವೆ ದನಿ ಅಲುಗುತ್ತದೆ, ಇನ್ನೊಂದು ಪದದ ಮೊದಲೇ ಹೋಗಿದೆ. ಉಳಿದದ್ದು ಉಳಿದಿದೆ. ಅದನ್ನು ಕೇಳುತ್ತ ಅತ್ತೆ ಗೊಣಗುವುದನ್ನು ಬಿಟ್ಟರು. ಹೋದ ಆ ಮೊದಲ ಸಾಲನ್ನು ಮಾತ್ರ ಯಾವ ಮೆಕ್ಯಾನಿಕ್ಕೂ ತಂದುಕೊಡಲಾರ.

ಆದ್ದರಿಂದ ಇಷ್ಟು ಮಾಡಿ. ಇಂದು ಸಂಜೆ ಹಾಡು ಹಾಕಿ ಒಂದು ಗಂಟೆ ಕಳೆದ ಮೇಲೆ ನಿಮ್ಮ ಸೆಟ್ಟಿನ ನೆತ್ತಿಯ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಟ್ಟುಕೊಂಡಿರಲು ಆಗದಿದ್ದರೆ ಯಾರ ಅಪ್ಪಣೆಗೂ ಕಾಯಬೇಡಿ, ಬಾಗಿಲು ತೆಗೆಯಿರಿ. ಮಗುವಿನ ಹಣೆ ಮುಟ್ಟಿ ಜ್ವರ ಎಷ್ಟೆಂದು ಹೇಳುವ ಕೈ ನಿಮ್ಮದು. ಆ ಕೈಗೆ ಮೆಷಿನ್ನು ತಿಳಿಯುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.