ಅಗ್ಗದ ಸಬ್: ಹೊರೆ ಯಾರ ಹೆಗಲಿಗೆ?

ಬೆಂಗಳೂರು: ಇಂದಿರಾನಗರದ 100 ಅಡಿ ರಸ್ತೆಯಂತಹ ದುಬಾರಿ ಬಾಡಿಗೆಯ ಬೀದಿಯಲ್ಲಿ ಸಬ್, ಪಾನೀಯ, ಕುಕ್ಕಿ ಸೇರಿದ ಊಟ ರಿಯಾಯಿತಿಗೆ ಸಿಕ್ಕರೆ ಗ್ರಾಹಕರಿಗೆ ಸಂತೋಷವೇ. ಆದರೆ ಕಡಿತದ ಹೊರೆ ಹೊರುವವರು ಯಾರು?

2001ರಲ್ಲಿ ಭಾರತಕ್ಕೆ ಬಂದ ಸಬ್‌ವೇ ಬೆಳೆದದ್ದು ಫ್ರಾಂಚೈಸಿ ಪದ್ಧತಿಯಿಂದ. ಇಲ್ಲಿ ರಾಯಧನದ ಲೆಕ್ಕ ಮಾರಾಟದ ಮೊತ್ತದ ಮೇಲೆಯೇ ಹೊರತು ಲಾಭದ ಮೇಲಲ್ಲ. ವಹಿವಾಟು ಹೆಚ್ಚಿದಷ್ಟೂ ಮೂಲ ಸಂಸ್ಥೆಗೆ ಆದಾಯ. ಬಾಡಿಗೆ, ಸಂಬಳ, ಸಾಮಗ್ರಿಯ ಖರ್ಚು ಅಂಗಡಿ ನಡೆಸುವವರ ಪಾಲು. 2017ರ ಕೊನೆಯಲ್ಲಿ ಅಮೆರಿಕದ ನೂರಾರು ಫ್ರಾಂಚೈಸಿದಾರರು 4.99 ಡಾಲರ್ ಕೊಡುಗೆಯನ್ನು ವಿರೋಧಿಸಿದ್ದು, ಲಾಭವೇ ಉಳಿಯದೆಂಬ ಆತಂಕದಿಂದ.

ಅದೇ ವರ್ಷ ಇಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನ್ 10 ರೂಪಾಯಿಗೆ ಊಟ ನೀಡಿತು. ಅದರ ವ್ಯತ್ಯಾಸವನ್ನು ಸಾರ್ವಜನಿಕ ಬೊಕ್ಕಸ ಭರಿಸುತ್ತದೆ. ಸಬ್ ಅಂಗಡಿಗೆ ಅಂತಹ ಆಸರೆಯಿಲ್ಲ. ರಿಯಾಯಿತಿ ನಿರ್ಧರಿಸುವವರೇ ಅದರ ನಷ್ಟದಲ್ಲೂ ಪಾಲು ಹೊರುವುದು ನ್ಯಾಯ.