ಕೋಚ್‌ನ ತಲೆದಂಡದಿಂದ ಯಾರಿಗೆ ಲಾಭ?

2023ರ ಜೂನ್ 11, ಭಾನುವಾರ ರಾತ್ರಿ. ಮೆಲ್ಬರ್ನಿನ ಎಂ.ಸಿ.ಜಿ. ಮೈದಾನದಲ್ಲಿ ಕಾರ್ಲ್ಟನ್ ತಂಡ ಎಸೆಂಡನ್ ಎದುರು ಸೋತು ತಲೆ ತಗ್ಗಿಸಿ ಹೊರಗೆ ನಡೆಯುತ್ತಿತ್ತು. ಅದು ಸತತ ಆರನೇ ಸೋಲು. ನನ್ನ ಪಕ್ಕದಲ್ಲಿ ಕೂತಿದ್ದವರು ನಾನು ಬಾಡಿಗೆಗಿರುವ ಮನೆಯ ಒಡತಿ. ಎಪ್ಪತ್ತು ದಾಟಿದವರು, ದಾರಿಗೆ ಅಡ್ಡ ಬಂದ ಬೆಕ್ಕಿಗೂ ‘ಸಾರಿ’ ಹೇಳುವ ಸ್ವಭಾವ. ಅಂಥವರು ಎದ್ದು ನಿಂತು, ಕೊರಳಿನ ನೀಲಿ ಸ್ಕಾರ್ಫನ್ನು ಮುಷ್ಟಿಯಲ್ಲಿ ಹಿಡಿದು, ತಮ್ಮದೇ ತಂಡದ ಮೇಲೆ ‘ಬೂ’ ಎಂದು ಕೂಗಿದರು. ಸುತ್ತಲಿದ್ದವರೂ ಅದನ್ನೇ ಮಾಡುತ್ತಿದ್ದರು. ಟ್ರಾಮಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಒಂದೇ ಮಾತು: ‘ವಾಸ್‌ನನ್ನು ನಾಳೆ ಬೆಳಿಗ್ಗೆಯೇ ಮನೆಗೆ ಕಳಿಸಬೇಕು.’

ವಾಸ್ ಅಂದರೆ ಮೈಕಲ್ ವಾಸ್, ತಂಡದ ಕೋಚ್. ಆಟ ಯಾವುದೆಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್, ಇಲ್ಲಿಯವರ ಬಾಯಲ್ಲಿ ‘ಫುಟಿ’. ಕ್ರಿಕೆಟ್ ಮೈದಾನದಷ್ಟು ದೊಡ್ಡ ಅಂಗಳ, ಒಂದೊಂದು ಕಡೆ 18 ಜನ, ಮೊಟ್ಟೆಯಾಕಾರದ ಚೆಂಡು, ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಕಂಬಗಳ ಮಧ್ಯೆ ಒದ್ದರೆ 6 ಅಂಕ, ಪಕ್ಕದ ಸಂದಿಯಲ್ಲಿ ಹೋದರೆ 1. ಗುರಿ ತಪ್ಪಿದವನಿಗೂ ಒಂದಂಕ ಕೊಡುವ ಆಟ ಎಂಬ ಕಾರಣಕ್ಕೇ ನನಗಿದು ಮೊದಲು ಇಷ್ಟವಾದದ್ದು. ಪಿಎಚ್.ಡಿ. ಮಾಡುತ್ತಿರುವವರಿಗೆ ಈ ಔದಾರ್ಯದ ಬೆಲೆ ಗೊತ್ತು.

ಆ ರಾತ್ರಿ ಕಾರ್ಲ್ಟನ್ 18 ತಂಡಗಳಲ್ಲಿ 15ನೆಯದು. ಕ್ಲಬ್ಬು ವಾಸ್‌ರನ್ನು ಮನೆಗೆ ಕಳಿಸಲಿಲ್ಲ. ಆಮೇಲೆ ನಡೆದದ್ದು ಹೀಗೆ: ತಂಡ ಸತತ ಒಂಬತ್ತು ಪಂದ್ಯ ಗೆದ್ದಿತು. ಐದನೆಯ ಸ್ಥಾನಕ್ಕೆ ಏರಿತು. ಸೆಪ್ಟೆಂಬರಿನಲ್ಲಿ ಸಿಡ್ನಿಯನ್ನು 6 ಅಂಕಗಳಿಂದ, ಮೆಲ್ಬರ್ನನ್ನು ಬರೀ 2 ಅಂಕಗಳಿಂದ ಸೋಲಿಸಿ, ಫೈನಲ್ಲಿಗೆ ಒಂದು ಮೆಟ್ಟಿಲು ಬಾಕಿಯಿದ್ದಾಗ ಬ್ರಿಸ್ಬೇನಿನಲ್ಲಿ 16 ಅಂಕಗಳಿಂದ ಮುಗ್ಗರಿಸಿತು. ಮೆಲ್ಬರ್ನನ್ನು ಸೋಲಿಸಿದ ರಾತ್ರಿ ನಮ್ಮ ಮನೆಯೊಡತಿ ಬೀದಿಯಲ್ಲಿ ಗುರುತು ಪರಿಚಯವಿಲ್ಲದವರನ್ನೆಲ್ಲ ತಬ್ಬಿಕೊಂಡರು. ಜೂನ್ ತಿಂಗಳ ಮಾತನ್ನು ಅವರು ಎತ್ತಲಿಲ್ಲ, ನಾನೂ ಕೆದಕಲಿಲ್ಲ. ಬಾಡಿಗೆದಾರನಿಗೆ ತನ್ನ ಮಿತಿ ಗೊತ್ತಿರಬೇಕು.

ಆದರೆ ಇಲ್ಲಿ ಕೆದಕುತ್ತೇನೆ. ಯಾಕೆಂದರೆ ಕೂಗು ಮತ್ತೆ ಎದ್ದಿದೆ. 2025ರಲ್ಲಿ ಕಾರ್ಲ್ಟನ್ 11ನೆಯ ಸ್ಥಾನಕ್ಕೆ ಕುಸಿಯಿತು, ಸೀಸನ್ ಮುಗಿದ ಮೇಲೆ ಗೋಲುಗಾರ ಚಾರ್ಲಿ ಕರ್ನೋ ಸಿಡ್ನಿ ತಂಡಕ್ಕೆ ಹೊರಟುಹೋದರು. ಪಬ್ಬು, ಟ್ರಾಮು, ಲೈಬ್ರರಿಯ ಲಿಫ್ಟು, ಎಲ್ಲೆಡೆ ಅದೇ ಹಳೆಯ ಪರಿಹಾರ: ಕೋಚ್‌ನ ತಲೆದಂಡ. ಅಭಿಮಾನಿಗಳ ಸಿಟ್ಟು ಸುಳ್ಳೆಂದು ನಾನು ಹೇಳುತ್ತಿಲ್ಲ. 16 ಪ್ರಶಸ್ತಿ ಗೆದ್ದ ಕ್ಲಬ್ಬಿದು, ಕೊನೆಯದು 1995ರಲ್ಲಿ. 1999ರ ನಂತರ ಫೈನಲ್ ಪಂದ್ಯಕ್ಕೇ ಹೋಗಿಲ್ಲ. ಇಷ್ಟು ವರ್ಷ ದುಡ್ಡು ಕೊಟ್ಟು, ಚಳಿಯಲ್ಲಿ ಕೂತು, ಸೋಲು ನೋಡಿದವರು ಕೂಗಲಿ. ನನ್ನ ತಕರಾರಿರುವುದು ಅವರು ಕೂಗಿ ಕೇಳುವ ವಸ್ತುವಿನ ಬಗ್ಗೆ. ಕೋಚ್‌ನನ್ನು ಬದಲಿಸಿ ಎನ್ನುವುದು ಕ್ಲಬ್ಬಿನ ಆಡಳಿತ ಮಂಡಳಿಗೆ ಅತ್ಯಂತ ಅಗ್ಗವಾಗಿ ಈಡೇರಿಸಲು ಬರುವ ಬೇಡಿಕೆ. ಅದನ್ನು ಈಡೇರಿಸಿದ ದಿನ ಮಂಡಳಿಯ ಮೇಲೆ ಯಾರೂ ಬೆರಳು ತೋರಿಸುವುದಿಲ್ಲ.

ಲೆಕ್ಕ ನೋಡಿ. 2002ರಲ್ಲಿ ವೇಯ್ನ್ ಬ್ರಿಟನ್ ವಜಾ. 2007ರಲ್ಲಿ ಡೆನಿಸ್ ಪೇಗನ್ ವಜಾ, ನಾರ್ತ್ ಮೆಲ್ಬರ್ನಿಗೆ ಎರಡು ಪ್ರಶಸ್ತಿ ತಂದುಕೊಟ್ಟು ಬಂದಿದ್ದವರು. 2012ರಲ್ಲಿ ಬ್ರೆಟ್ ರ‍್ಯಾಟನ್ ವಜಾ, ಹಿಂದಿನ ಮೂರು ವರ್ಷವೂ ತಂಡವನ್ನು ಅಂತಿಮ ಸುತ್ತಿಗೆ ಒಯ್ದಿದ್ದವರು, ಒಪ್ಪಂದದಲ್ಲಿ ಇನ್ನೂ ಒಂದು ವರ್ಷ ಬಾಕಿ ಇತ್ತು. ಅವರ ಜಾಗಕ್ಕೆ ಮಿಕ್ ಮಾಲ್ಟ್‌ಹೌಸ್ ಬಂದರು. ಬೇರೆ ಕ್ಲಬ್ಬುಗಳಲ್ಲಿ ಮೂರು ಪ್ರಶಸ್ತಿ ಗೆದ್ದ ಹಿರಿಯ. 2015ರ ಮೇ ಮೊದಲ ದಿನ ಅತಿ ಹೆಚ್ಚು ಪಂದ್ಯಗಳ ಕೋಚ್ ಎಂಬ ದಾಖಲೆ ಬರೆದರು, ಅದೇ ಮೇ ತಿಂಗಳ ಕೊನೆಯೊಳಗೆ ವಜಾ. 2019ರಲ್ಲಿ ಬ್ರೆಂಡನ್ ಬೋಲ್ಟನ್ ವಜಾ. ಹಂಗಾಮಿಯಾಗಿ ಬಂದ ಡೇವಿಡ್ ಟೀಗ್ ನಾಲ್ಕು ಪಂದ್ಯ ಗೆಲ್ಲಿಸಿದ್ದೇ ತಡ ಅಭಿಮಾನಿಗಳು ಅವರನ್ನೇ ಖಾಯಂ ಮಾಡಿ ಎಂದು ಹಿಡಿದು ಕೂತರು, ‘ಟೀಗ್ ಟ್ರೇನ್’ ಎಂದು ಹಾಡಿ ಹೊಗಳಿದರು. ಮಂಡಳಿ ಖಾಯಂ ಮಾಡಿತು. 2021ರಲ್ಲಿ ಅವರೂ ವಜಾ. ಎರಡು ದಶಕದಲ್ಲಿ ಆರು ತಲೆದಂಡ. ಕೋಚ್ ಬದಲಿಸುವುದೇ ಮದ್ದಾಗಿದ್ದರೆ ಕಾರ್ಲ್ಟನ್ ಇಷ್ಟು ಹೊತ್ತಿಗೆ ದೇಶದ ಅತ್ಯಂತ ಆರೋಗ್ಯವಂತ ಕ್ಲಬ್ಬಾಗಿರಬೇಕಿತ್ತು.

ರೋಗ ಎಲ್ಲಿಂದ ಬಂತು? 2002ಕ್ಕೇ ಹೋಗೋಣ. ಆ ವರ್ಷ ಕಾರ್ಲ್ಟನ್ ಅಂಕಪಟ್ಟಿಯ ಕೊನೆಗೆ ಬಿತ್ತು. 1897ರಲ್ಲಿ ಲೀಗು ಶುರುವಾದಂದಿನಿಂದ ಹಾಗಾದದ್ದು ಅದೇ ಮೊದಲು. ಕೋಚ್ ಹೋದರು. ಕೆಲವೇ ವಾರಗಳಲ್ಲಿ ನಿಜ ಸಂಗತಿ ಹೊರಬಿತ್ತು: ಆಟಗಾರರ ಸಂಬಳಕ್ಕೆ ಲೀಗು ಹಾಕಿದ್ದ ಮಿತಿಯನ್ನು ಮೀರಿ ಕ್ಲಬ್ಬು ಒಳಗೊಳಗೇ ಹಣ ಕೊಟ್ಟಿತ್ತು. ದಂಡ 9,30,000 ಡಾಲರ್. ದಂಡ ಹೇಗೋ ಕಟ್ಟಬಹುದು, ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಈ ಲೀಗಿನಲ್ಲಿ ದುಡ್ಡು ಸುರಿದು ತಂಡ ಕಟ್ಟಲು ಬಿಡುವುದಿಲ್ಲ. ಪ್ರತಿ ವರ್ಷ ಹೊಸ ಹುಡುಗರನ್ನು ಹಂಚುವ ಡ್ರಾಫ್ಟಿನಲ್ಲಿ ಕೊನೆಯ ಸ್ಥಾನದವರಿಗೆ ಮೊದಲ ಆಯ್ಕೆ. ಬಿದ್ದವರು ಏಳುವುದು ಹಾಗೆ. ಕಾರ್ಲ್ಟನ್ನಿಗೆ ಆ ವರ್ಷದ ಮೊದಲ ಎರಡು ಆಯ್ಕೆಗಳೂ ತಪ್ಪಿಹೋದವು. ಬ್ರೆಂಡನ್ ಗಾಡರ್ಡ್ ಸೇಂಟ್ ಕಿಲ್ಡಾಗೆ, ಡೇನಿಯಲ್ ವೆಲ್ಸ್ ನಾರ್ತ್ ಮೆಲ್ಬರ್ನಿಗೆ ಹೋಗಿ ದಶಕಕ್ಕೂ ಹೆಚ್ಚು ಕಾಲ ಮೆರೆದರು. ಮರುವರ್ಷದ ಆಯ್ಕೆಗಳಿಗೂ ಕತ್ತರಿ ಬಿತ್ತು. ಪೇಗನ್‌ಗೆ ಸಿಕ್ಕಿದ್ದು ಆ ಬೀಜವಿಲ್ಲದ ಹೊಲ. 2005, 2006ರಲ್ಲಿ ಮತ್ತೆ ಕೊನೆಯ ಸ್ಥಾನ. ಬೆಳೆ ಬರಲಿಲ್ಲವೆಂದು ಒಕ್ಕಲಿನವನನ್ನು ಓಡಿಸಿದರು.

ಆಮೇಲೆ ಬೀಜ ಸಿಗದೇ ಇರಲಿಲ್ಲ ಎನ್ನುವುದೂ ನಿಜವೇ. 2005, 2006, 2007 ಮೂರು ವರ್ಷ ಸತತ ಡ್ರಾಫ್ಟಿನ ಮೊದಲ ಆಯ್ಕೆ ಕಾರ್ಲ್ಟನ್ನಿನದು: ಮಾರ್ಕ್ ಮರ್ಫಿ, ಬ್ರೈಸ್ ಗಿಬ್ಸ್, ಮ್ಯಾಥ್ಯೂ ಕ್ರೂಜರ್. ಮೂವರೂ ಒಳ್ಳೆಯ ಆಟಗಾರರೇ. ಮೂವರಲ್ಲಿ ಒಬ್ಬರೂ ಫೈನಲ್ ಆಡದೆಯೇ ನಿವೃತ್ತರಾದರು. ಇದಕ್ಕೆ ಉತ್ತರ ಹೇಳಬೇಕಾದವರು ಯಾರು? ಮೂರು ವರ್ಷಕ್ಕೊಮ್ಮೆ ಬಂದು ಹೋಗುವ ಕೋಚೋ, ಅವರನ್ನು ತಂದು ಓಡಿಸುತ್ತಾ ತಾವು ಕುರ್ಚಿಯಲ್ಲೇ ಇರುವವರೋ?

ಇದೇ ಊರಿನಲ್ಲಿ ಬೇರೆ ದಾರಿ ಹಿಡಿದವರಿದ್ದಾರೆ. ಇಲ್ಲಿಂದ ಒಂದು ಗಂಟೆಯ ರೈಲಿನ ದೂರದ ಜೀಲಾಂಗ್ 2006ರಲ್ಲಿ ಹತ್ತನೆಯದಾಗಿ ಮುಗಿಸಿದಾಗ ಕೋಚ್ ಮಾರ್ಕ್ ಥಾಂಪ್ಸನ್ ಕೆಲಸ ಹೋಯಿತೆಂದೇ ಎಲ್ಲರೂ ನಂಬಿದ್ದರು. ಕ್ಲಬ್ಬು ತನ್ನೊಳಗನ್ನೇ ಪೂರ್ತಿ ಪರಿಶೀಲಿಸಿತು, ಕೋಚ್‌ನನ್ನು ಉಳಿಸಿತು, ಸುತ್ತಲಿನ ವ್ಯವಸ್ಥೆ ಬದಲಿಸಿತು, ಫುಟ್‌ಬಾಲ್ ವಿಭಾಗ ನೋಡಿಕೊಳ್ಳಲು ನೀಲ್ ಬಾಮ್‌ರನ್ನು ಕರೆತಂದಿತು. ಮರುವರ್ಷ 119 ಅಂಕಗಳಿಂದ ಫೈನಲ್ ಗೆದ್ದಿತು, 44 ವರ್ಷಗಳ ನಂತರ. 2016ರಲ್ಲಿ ರಿಚ್ಮಂಡ್ 13ನೆಯದು. ಡೇಮಿಯನ್ ಹಾರ್ಡ್‌ವಿಕ್‌ರನ್ನು ಓಡಿಸಿ ಎಂಬ ಕೂಗು ಕಿವಿಗಡಚಿಕ್ಕುತ್ತಿತ್ತು. ಕ್ಲಬ್ಬು ಅವರನ್ನು ಉಳಿಸಿ, ಸಹಾಯಕರನ್ನು ಬದಲಿಸಿ, ಮತ್ತೆ ಅದೇ ನೀಲ್ ಬಾಮ್‌ರನ್ನು ಕರೆತಂದಿತು. 2017ರಲ್ಲಿ ಪ್ರಶಸ್ತಿ, 37 ವರ್ಷಗಳ ನಂತರ. 2019, 2020ರಲ್ಲಿ ಮತ್ತೆರಡು. ಬಾಮ್ ಹೆಸರನ್ನು ಯಾವ ಅಭಿಮಾನಿಯೂ ಮೈದಾನದಲ್ಲಿ ಕೂಗಿದ್ದನ್ನು ನಾನು ಕೇಳಿಲ್ಲ.

‘ಕಾಲಿಂಗ್‌ವುಡ್ ನೋಡು’ ಎನ್ನುತ್ತಾರೆ. 2021ರಲ್ಲಿ 17ನೆಯದು, ಕೋಚ್ ಬದಲಾದರು, 2023ರಲ್ಲಿ ಪ್ರಶಸ್ತಿ. ಸರಿ, ಒಪ್ಪಿದೆ. ಆದರೆ ಆ ವರ್ಷ ಅಲ್ಲಿ ಬದಲಾದದ್ದು ಕೋಚ್ ಒಬ್ಬರೇ ಅಲ್ಲ. 1998ರಿಂದ ಅಧ್ಯಕ್ಷರಾಗಿದ್ದ ಎಡಿ ಮೆಗ್ವೈರ್ ಕೆಳಗಿಳಿದರು, ಸದಸ್ಯರು ಸಹಿ ಸಂಗ್ರಹಿಸಿ ಇಡೀ ಮಂಡಳಿಯನ್ನೇ ಪ್ರಶ್ನಿಸಿದರು, ಡಿಸೆಂಬರಿನ ಹೊತ್ತಿಗೆ ಮತ್ತೊಬ್ಬ ಹೊಸ ಅಧ್ಯಕ್ಷರು ಬಂದರು. ಕಾರ್ಲ್ಟನ್ನಿನವರು ಶತ್ರುಪಾಳಯದಿಂದ ಕಲಿಯುವುದಾದರೆ ಪೂರ್ತಿ ಕಲಿಯಲಿ.

ಏಕೆಂದರೆ ಅವರ ಕೈಯಲ್ಲಿ ನಮಗಿಲ್ಲದ ಒಂದು ಅಸ್ತ್ರವಿದೆ. ಆರ್.ಸಿ.ಬಿ.ಗಾಗಿ ಕಾದು ಕಾದು ಬೆಳೆದ ಪೀಳಿಗೆ ನನ್ನದು. ನಾವು ಕೂಗಬಹುದಿತ್ತು, ಅಳಬಹುದಿತ್ತು, ಮೀಮು ಮಾಡಬಹುದಿತ್ತು, ಅಷ್ಟೇ. ತಂಡ ಕಂಪನಿಯ ಸ್ವತ್ತು. ಕೋಚ್ ಯಾರು, ಹರಾಜಿನಲ್ಲಿ ಯಾರು ಎಂದು ನಮ್ಮನ್ನು ಕೇಳುವವರಿರಲಿಲ್ಲ. ಮೆಲ್ಬರ್ನಿನ ಹಳೆಯ ಕ್ಲಬ್ಬುಗಳು ಹಾಗಲ್ಲ, ಸದಸ್ಯರವು. 2024ರಲ್ಲಿ ಕಾರ್ಲ್ಟನ್ನಿನ ಸದಸ್ಯರ ಸಂಖ್ಯೆ ಲಕ್ಷ ದಾಟಿತು. ಮತದ ಹಕ್ಕಿರುವ ಸದಸ್ಯರೇ ನಿರ್ದೇಶಕರನ್ನು ಆರಿಸಬಹುದು, ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳಬಹುದು: ಈ ಕೋಚ್‌ನನ್ನು ಆರಿಸಿದವರು ಯಾರು, ಹಿಂದಿನವರನ್ನು ಆರಿಸಿದವರೂ ನೀವೇನಾ, ಆಟಗಾರರ ಪಟ್ಟಿ ಕಟ್ಟುವವರ ಹೆಸರೇನು, ಅವರ ಮೌಲ್ಯಮಾಪನ ಮಾಡಿದ್ದು ಯಾವಾಗ? ರಿಚ್ಮಂಡಿನಲ್ಲಿ 2016ರಲ್ಲಿ ಒಂದು ಗುಂಪು ಮಂಡಳಿಗೇ ಸವಾಲು ಹಾಕಿತ್ತು. ಆ ಸವಾಲು ಕೈಗೂಡಲಿಲ್ಲ, ಅದು ಒಳ್ಳೆಯದೇ ಆಯಿತು. ಆದರೂ ಆ ಒತ್ತಡ ಇಲ್ಲದಿದ್ದರೆ ಮಂಡಳಿ ಅಷ್ಟು ಗಂಭೀರವಾಗಿ ತನ್ನ ಮನೆ ಗುಡಿಸುತ್ತಿತ್ತೆಂದು ನನಗನ್ನಿಸುವುದಿಲ್ಲ.

ಮೊನ್ನೆ ಅಡುಗೆಮನೆಯಲ್ಲಿ ಹಳೇ ಪೇಪರಿನ ಡಬ್ಬಿ ಖಾಲಿ ಮಾಡುವಾಗ ಕ್ಲಬ್ಬಿನ ವಾರ್ಷಿಕ ಸಭೆಯ ನೋಟಿಸು ಸಿಕ್ಕಿತು, ಲಕೋಟೆ ಒಡೆದೇ ಇರಲಿಲ್ಲ. ಮನೆಯೊಡತಿಗೆ ತೋರಿಸಿ ಮೇಲಿನದನ್ನೆಲ್ಲ ಹೇಳಿದೆ. ತಾಳ್ಮೆಯಿಂದ ಕೇಳಿದರು. ‘ಸೋತಾಗ ಕೂಗುವುದಕ್ಕೆ ಒಂದು ಮುಖ ಬೇಕು. ಸಮಿತಿಯ ಮೇಲೆ ಹೇಗೆ ಕೂಗುವುದು?’ ಎಂದರು. ಸಮಿತಿಗೂ ಮುಖಗಳಿವೆ, ಒಳಗೇ ಫೋಟೋ ಸಮೇತ ಅಚ್ಚಾಗಿವೆ ಎಂದು ಲಕೋಟೆ ಒಡೆದು ಕೊಟ್ಟೆ. ಕನ್ನಡಕ ಹುಡುಕುತ್ತಾ ಒಳಗೆ ಹೋದರು.