ಗೃಹವಿನೋದ: ಸೇನಾಪತಿಯು ಜಮಾದಾರನಾಗಬಾರದು

ಮನೆಯಲ್ಲಿ ಗಣಕಯಂತ್ರವಿದ್ದ ಮೇಲೆ ಅದರ ಮುಂದೆ ಕುಳಿತು ಆಟವಾಡುವ ಆಸೆ ಕಿರಿಯರಿಗೆ ಮಾತ್ರವೇ ಹುಟ್ಟುವುದೆಂದು ಹೇಳಲಾಗದು. ಎರಡನೆಯ ಮಹಾಯುದ್ಧವನ್ನು ಭೂಪಟದ ಮೇಲೆ ನಡೆಯಿಸತಕ್ಕ ‘ಹಾರ್ಟ್ಸ್ ಆಫ್ ಐರನ್’ ಎಂಬ ಆಟವು ನಮ್ಮನ್ನೂ ಸೆಳೆಯಿತು. ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದ ಪ್ಯಾರಡಾಕ್ಸ್ ಸಂಸ್ಥೆಯವರು ಇದನ್ನು ರಚಿಸಿರುವರು. ಆಡುವವನು ಒಂದು ರಾಷ್ಟ್ರವನ್ನು ವಹಿಸಿಕೊಂಡು ಕಾರ್ಖಾನೆ, ರಾಜತಂತ್ರ, ಭೂಸೇನೆ, ನೌಕಾಸೇನೆ, ವಾಯುಸೇನೆ ಇವೆಲ್ಲವನ್ನೂ ತಾನೇ ನೋಡಿಕೊಳ್ಳಬೇಕು.

2009ರಲ್ಲಿ ಹೊರಬಂದ ಇದರ ಮೂರನೆಯ ಆವೃತ್ತಿಯ ಭೂಪಟದಲ್ಲಿ 10,000ಕ್ಕಿಂತ ಹೆಚ್ಚು ಪ್ರಾಂತಗಳಿದ್ದುವು. ನಾವು ಸೋವಿಯತ್ ರಷ್ಯದ ಪಕ್ಷವನ್ನು ಹಿಡಿದೆವು. ಆಟದಲ್ಲಿ 1941ನೆಯ ಇಸವಿ ಬಂದಾಗ ಬಾಲ್ಟಿಕ್ ಸಮುದ್ರದಿಂದ ಕಪ್ಪುಸಮುದ್ರದವರೆಗೂ ಹಬ್ಬಿದ್ದ ಸೇನೆಯ ಒಂದೊಂದು ಡಿವಿಜನ್ನನ್ನೂ ನಾವೇ ಸರಿಸಹೊರಟೆವು. ಮೂರು ಸಂಜೆಗಳು ಕಳೆದರೂ ಯುದ್ಧದಲ್ಲಿ ಎರಡು ವಾರಗಳು ಕಳೆಯಲಿಲ್ಲ. ಕೊನೆಗೆ, ನಾವು ಮಿನ್ಸ್ಕ್ ಬಳಿಯ ಸಣ್ಣ ಪಡೆಗಳಲ್ಲಿ ಮಗ್ನರಾಗಿದ್ದಾಗಲೇ ಕೀವ್ ಪಟ್ಟಣವು ತನ್ನ ರಕ್ಷಕಸೇನೆಯೊಡನೆ ಶತ್ರುವಶವಾಯಿತು. ತಪ್ಪು ನಮ್ಮದೇ.

ಈ ತೊಡಕು ಹೊಸದೇನೂ ಅಲ್ಲ. ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಸ್ ಎಂಬವನು 1824ರಲ್ಲಿ ಬಳಕೆಗೆ ತಂದ ಯುದ್ಧದಾಟದಲ್ಲಿ ದಾಳಗಳೂ ಲೆಕ್ಕದ ಪಟ್ಟಿಗಳೂ ಇದ್ದು, ಆಡುವವರಿಗೆ ಅವುಗಳ ಭಾರವೇ ಹೆಚ್ಚಾಗುತ್ತಿತ್ತು. 1876ರಲ್ಲಿ ವೆರ್ದಿ ದು ವೆರ್ನ್ವಾ ಎಂಬ ಅಧಿಕಾರಿಯು, ಆ ನಿಯಮಗಳನ್ನು ತೊರೆದು ಫಲಾಫಲಗಳನ್ನು ಅನುಭವಿಯಾದ ಮಧ್ಯಸ್ಥನ ತೀರ್ಪಿಗೆ ಬಿಡಬೇಕೆಂದು ಸೂಚಿಸಿದನು. ಅಂದು ಮಧ್ಯಸ್ಥನು ಹೊತ್ತ ಭಾರವನ್ನು ಇಂದು ಯಂತ್ರವು ಹೊರಬಲ್ಲುದು.

2016ರ ಜೂನ್ 6ರಂದು ಹೊರಬಂದ ನಾಲ್ಕನೆಯ ಆವೃತ್ತಿಯಲ್ಲಿ ಇದಕ್ಕೆ ಏರ್ಪಾಡಿದೆ. ಹಲವು ಡಿವಿಜನ್ನುಗಳನ್ನು ಒಬ್ಬ ಜನರಲ್ಲನ ಕೆಳಗಿರಿಸಿ, ಭೂಪಟದ ಮೇಲೆ ಒಂದು ರಣರೇಖೆಯನ್ನೂ ಮುನ್ನಡೆಯ ಬಾಣವನ್ನೂ ಎಳೆದರೆ ಸಾಕು. ಪಡೆಗಳು ತಾವೇ ಹೋಗಿ ನಿಲ್ಲುವುವು. ಯೋಜನೆ ಸಿದ್ಧವಾದ ಬಳಿಕ ಕೆಲವು ದಿನ ತಾಳಿದರೆ ಸೇನೆಯ ಬಲವೂ ಹೆಚ್ಚುವುದು.

ಆದರೆ ಎಲ್ಲವನ್ನೂ ಯಂತ್ರಕ್ಕೊಪ್ಪಿಸಿ ಕೈಕಟ್ಟಿ ಕುಳಿತವನಿಗೂ ಕೇಡು ತಪ್ಪದು. ಯಂತ್ರಕ್ಕೆ ಮರ್ಮಸ್ಥಾನದ ಅರಿವು ಕಡಿಮೆ. ಅದು ಸೇನೆಯನ್ನು ರೇಖೆಯುದ್ದಕ್ಕೂ ಹರಡಿಬಿಡುವುದು. ಒಂದೆಡೆ ಒತ್ತಿ ಸೀಳಬೇಕಾದ ಟ್ಯಾಂಕುಗಳೂ ಕಾವಲಿಗೆ ನಿಂತುಬಿಡುವುವು. ಆದುದರಿಂದ ನಾವು ಮೂರು ನಿಯಮಗಳನ್ನು ಮಾಡಿಕೊಂಡೆವು.

ಒಂದು: ರೇಖೆಯನ್ನು ಕಾಯುವ ಕಾಲಾಳುಗಳನ್ನು ಜನರಲ್ಲರಿಗೆ ಬಿಟ್ಟು, ಟ್ಯಾಂಕುಗಳ ನಾಲ್ಕಾರು ಡಿವಿಜನ್ನುಗಳನ್ನು ಮಾತ್ರ ನಮ್ಮ ಕೈಯಲ್ಲಿರಿಸಿಕೊಳ್ಳುವುದು.

ಎರಡು: ಕಾರ್ಖಾನೆಗಳ ಕೆಲಸವನ್ನು ಪದೇ ಪದೇ ಬದಲಿಸದಿರುವುದು. ಒಂದೇ ಆಯುಧವನ್ನು ಬಹುಕಾಲ ತಯಾರಿಸಿದರೆ ಆಟದಲ್ಲಿ ಉತ್ಪಾದನೆ ಏರುವುದು, ಬದಲಿಸಿದರೆ ಕುಗ್ಗುವುದು. ಇಲ್ಲಿ ಕೈಹಾಕದಿರುವುದೇ ಲಾಭ.

ಮೂರು: ಆಗಾಗ ಆಟವನ್ನು ತಡೆದುನಿಲ್ಲಿಸಿ ಇಡೀ ಭೂಪಟವನ್ನೊಮ್ಮೆ ನೋಡಿ, ಅಪಾಯವೆಲ್ಲಿದೆಯೋ ಅಲ್ಲಿಗೆ ಮಾತ್ರ ಹೋಗುವುದು.

ಮದುವೆಮನೆಯ ಯಜಮಾನನು ಬಡಿಸುವ ಸೌಟನ್ನು ತಾನೇ ಹಿಡಿದರೆ ಬೀಗರನ್ನು ಎದುರುಗೊಳ್ಳುವವರಾರು? ಅಡುಗೆಯವರಿಗೆ ಎಲ್ಲವನ್ನೂ ಬಿಟ್ಟು ಮಲಗಿದರೂ ಮರ್ಯಾದೆ ಉಳಿಯದು. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂಬ ವಿವೇಚನೆಯೇ ಯಜಮಾನಿಕೆ.

ಈ ನಿಯಮಗಳಂತೆ ಹೊಸ ಆವೃತ್ತಿಯಲ್ಲಿ ಮತ್ತೆ ರಷ್ಯದ ಪಕ್ಷವನ್ನೇ ಹಿಡಿದು ಆಡಿದೆವು. ಕೀವ್ ಈ ಸಲವೂ ಉಳಿಯಲಿಲ್ಲ. ಆದರೆ ಅಪಾಯವನ್ನು ಮೊದಲೇ ಕಂಡುಕೊಂಡು, ಅಲ್ಲಿಯ ಸೇನೆಯನ್ನು ನೀಪರ್ ನದಿಯ ಪೂರ್ವದಡಕ್ಕೆ ಸಕಾಲದಲ್ಲಿ ಹಿಂದೆಗೆದೆವು. ರಾತ್ರಿಯ ಊಟಕ್ಕೂ ಹೊತ್ತಿಗೆ ಸರಿಯಾಗಿ ಎದ್ದೆವು.